ಬಿಡುವಿನ ಹೊಲಿಗೆ



ಹೊಲಿಗೆ ಕಲಿಯಬೇಕೆಂಬ ಆಸೆ ಸುಳಿಯದ ಮನೆ ಕಡಿಮೆ. ತವರಿನಿಂದ ಬಂದ ಮಷಿನ್ನು ಪಡಸಾಲೆಯ ಮೂಲೆಯಲ್ಲಿ ಹೊದಿಕೆ ಹೊದ್ದು ಕೂತಿರುತ್ತದೆ. ಅದರ ಮೇಲೆ ಇಸ್ತ್ರಿಗೆ ಹೋಗಬೇಕಾದ ಬಟ್ಟೆ, ಮಕ್ಕಳ ಪುಸ್ತಕ, ಹಳೆಯ ಕ್ಯಾಲೆಂಡರು. ಕಲಿಯೋಣ ಎಂದು ಹೊರಟರೆ ಊರಿನಲ್ಲಿ ಸಿಗುವುದು ಟೈಲರಿಂಗ್ ತರಬೇತಿ. ಅಲ್ಲಿ ತಿಂಗಳುಗಟ್ಟಲೆ ಪಾಠ, ಕೊನೆಗೆ ಪರೀಕ್ಷೆ, ಸರ್ಟಿಫಿಕೇಟು. ಅಂಗಡಿ ಇಡುವವರಿಗೆ, ಕಾರ್ಖಾನೆ ಸೇರುವವರಿಗೆ ಅದು ಬೇಕು. ದಿಂಬಿಗೆ ಒಂದು ಕವರು, ಸಂತೆಗೆ ಒಂದು ಚೀಲ, ಮೊಮ್ಮಗಳ ಗೊಂಬೆಗೆ ಒಂದು ಲಂಗ ಹೊಲಿದುಕೊಂಡರೆ ಸಾಕು ಎನ್ನುವವರು ಎಲ್ಲಿಗೆ ಹೋಗಬೇಕು? ಅಂಥವರು ಹತ್ತು ಮಂದಿ ಕಲೆತರೆ ತಾವೇ ಒಂದು ವರ್ಗ ನಡೆಸಬಹುದು. ಅದನ್ನು ಕಟ್ಟುವ ಬಗೆ ಹೇಗೆ, ಕಟ್ಟಿದ ಮೇಲೆ ಯಾವುದರ ಬಗ್ಗೆ ಎಚ್ಚರವಾಗಿರಬೇಕು ಎಂಬುದು ಇವತ್ತಿನ ನನ್ನ ಮಾತು.

ನಾನು ಕನ್ನಡದವಳು. ಸಂಸಾರ ಆಂಧ್ರದ ಅನಕಾಪಲ್ಲಿಯಲ್ಲಿ. ವಿಶಾಖಪಟ್ಟಣದ ನೆರೆಯ ಊರು, ಬೆಲ್ಲದ ಮಾರುಕಟ್ಟೆಗೆ ದೇಶಕ್ಕೆಲ್ಲ ಹೆಸರಾದ ಊರು. 2022ರ ಏಪ್ರಿಲ್ 4ರಿಂದ ಅದೇ ಒಂದು ಜಿಲ್ಲೆಯ ಕೇಂದ್ರ. ಸುತ್ತ ಕಬ್ಬಿನ ಗದ್ದೆ, ಅತ್ತ ಪರವಾಡ, ಅಚ್ಯುತಾಪುರದ ಕಾರ್ಖಾನೆಗಳು. ಕೆಲಸ ಹುಡುಕಿಕೊಂಡು ಬಂದ ಒಡಿಯಾ, ಹಿಂದಿ, ತಮಿಳು, ಕನ್ನಡದ ಕುಟುಂಬಗಳು ತೆಲುಗಿನವರ ನಡುವೆ ಬಾಡಿಗೆ ಮನೆ ಹಿಡಿದಿರುತ್ತವೆ. ಇಂಥ ಬಡಾವಣೆಗಳಲ್ಲಿ ಹೆಂಗಸರು ಒಬ್ಬರಿಗೊಬ್ಬರು ಪರಿಚಯವಾಗುವುದಕ್ಕೆ ವರ್ಷಗಳೇ ಹಿಡಿಯುತ್ತವೆ. ಸೂಜಿ ದಾರ ಮುಂದಿಟ್ಟರೆ ಅಷ್ಟು ದಿನ ಬೇಡ. ಸೂಜಿ ಹಿಡಿಯುವುದನ್ನು ಕಣ್ಣಲ್ಲಿ ನೋಡಿ ಕಲಿಯಬಹುದು, ಅದಕ್ಕೆ ತೆಲುಗೂ ಬೇಡ, ಕನ್ನಡವೂ ಬೇಡ.

ಈ ಊರಿನ ಆಸುಪಾಸಿನಲ್ಲೇ ಕೈಕೆಲಸದ ಎರಡು ರೀತಿ ಕಾಣುತ್ತವೆ. ವರ್ಗ ಹೇಗಿರಬೇಕು ಎಂದು ಯೋಚಿಸುವಾಗ ಎರಡನ್ನೂ ನೆನೆಯುವುದು ಒಳ್ಳೆಯದು.

ಒಂದು, ಅಚ್ಯುತಾಪುರದ ಬ್ರ್ಯಾಂಡಿಕ್ಸ್ ಬಟ್ಟೆ ನಗರ. ಶ್ರೀಲಂಕಾ ಮೂಲದ ಕಂಪನಿ ಸಾವಿರ ಎಕರೆಯಲ್ಲಿ ಎಬ್ಬಿಸಿದ ಸಿದ್ಧ ಉಡುಪಿನ ಕಾರ್ಖಾನೆಗಳ ಗುಂಪು ಅದು. ಕೆಲಸಗಾರರಲ್ಲಿ ಹೆಚ್ಚಿನವರು ಹೆಂಗಸರು. ಬೆಳಗ್ಗೆ ಬಸ್ಸುಗಳು ಹಳ್ಳಿ ಹಳ್ಳಿಯಿಂದ ಅವರನ್ನು ತುಂಬಿಕೊಂಡು ಹೋಗುತ್ತವೆ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ನೋಡಿದವರಿಗೆ ಈ ನೋಟ ಹೊಸದಲ್ಲ. ಅಲ್ಲಿ ಕೆಲಸ ಲೈನಿನಲ್ಲಿ ನಡೆಯುತ್ತದೆ. ಒಬ್ಬಳು ದಿನವಿಡೀ ಕಾಲರು ಹಚ್ಚಿದರೆ ಇನ್ನೊಬ್ಬಳು ದಿನವಿಡೀ ಪಕ್ಕ ಕೂಡಿಸುತ್ತಾಳೆ, ಮತ್ತೊಬ್ಬಳದು ಗುಂಡಿಯ ಕಾಜ. ಅವರ ಕೈಯ ವೇಗ, ಗೆರೆಯ ನೇರ ನಮಗೆ ಜನ್ಮದಲ್ಲಿ ಬರುವಂಥದಲ್ಲ. ಆದರೆ ಒಂದು ಅಂಗಿಯನ್ನು ಮೊದಲಿನಿಂದ ಕೊನೆಯವರೆಗೆ ಹೊಲಿಯುವ ಅವಕಾಶ ಅವರಿಗಿಲ್ಲ.

ಇನ್ನೊಂದು, ಎಲಮಂಚಿಲಿ ಕಡೆಗೆ ಹೋದರೆ ಸಿಗುವ ಏಟಿಕೊಪ್ಪಾಕ. ವರಾಹ ನದಿಯ ದಡದ ಹಳ್ಳಿ, ಅರಗಿನ ಬಣ್ಣದ ಮರದ ಗೊಂಬೆಗಳಿಗೆ ಪ್ರಸಿದ್ಧ. ನಮ್ಮ ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರವೇ ಅಲ್ಲಿಯೂ ಮೂಲವಸ್ತು. ಮೆತ್ತಗಿನ ಮರ, ಉಳಿ ತಾಗಿಸಿದರೆ ಸಿಬಿರೇಳದೆ ನಯವಾಗಿ ಹೆರೆಯುತ್ತದೆ. ಕಡೆಯುವ ಯಂತ್ರದಲ್ಲಿ ತುಂಡು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ, ಮೇಲೆ ಎಲೆ ಒತ್ತಿ ಹೊಳಪು ಕೊಡುತ್ತಾರೆ. ರಾಸಾಯನಿಕ ಬಣ್ಣ ಬಂದು ಕೆಲಸ ಕೆಟ್ಟಾಗ ಬೀಜ, ಬೇರು, ತೊಗಟೆ, ಎಲೆಗಳ ಬಣ್ಣಕ್ಕೆ ಊರನ್ನು ಮರಳಿಸಲು ದುಡಿದ ಸಿ.ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಗೊಂಬೆಗಳಿಗೆ 2017ರಲ್ಲೇ ಜಿಐ ಎಂಬ ಭೌಗೋಳಿಕ ಗುರುತು ಸಿಕ್ಕಿತ್ತು. ಅಲ್ಲಿ ಒಂದು ಸಣ್ಣ ಬುಗುರಿಯಾದರೆ ಕೂತಲ್ಲೇ ಮುಗಿಯುತ್ತದೆ. ಮರದ ತುಂಡು ಹೋಗಿ ಬುಗುರಿಯಾದದ್ದನ್ನು ಮಾಡಿದವನೇ ನೆಲಕ್ಕೆ ಬಿಟ್ಟು ತಿರುಗಿಸಿ ನೋಡುತ್ತಾನೆ.

ಹವ್ಯಾಸದ ವರ್ಗ ಈ ಎರಡನೆಯ ದಾರಿ ಹಿಡಿಯಬೇಕು. ಕಲಿಯುವವರು ಮೊದಲ ವಾರದಿಂದಲೇ ಒಂದು ಪೂರ್ತಿ ವಸ್ತುವನ್ನು ತಮ್ಮ ಕೈಯಾರೆ ಮುಗಿಸುವ ಹಾದಿಯಲ್ಲಿರಬೇಕು. ಹತ್ತು ಬಗೆಯ ಹೊಲಿಗೆಯ ಮಾದರಿಗಳನ್ನು ಪುಸ್ತಕಕ್ಕೆ ಅಂಟಿಸಿ ಗುರುತು ಹಾಕಿಸಿಕೊಳ್ಳುವುದು ಶಾಲೆಯ ಪಾಠವಾಯಿತು. ಬಿಡುವು ಮಾಡಿಕೊಂಡು ಬಂದವರಿಗೆ ಮನೆಗೆ ಒಯ್ಯಲು ಒಂದು ಚೀಲ ಬೇಕು.

ಈಗ ವರ್ಗ ಕಟ್ಟುವ ವಿಷಯ.

ಒಂದು ತಂಡಕ್ಕೆ ಎಂಟರಿಂದ ಹತ್ತು ಮಂದಿ ಸಾಕು. ಹದಿನೈದಾದರೆ ಕಲಿಸುವವರು ಒಬ್ಬರ ಗಂಟು ಬಿಡಿಸುವಷ್ಟರಲ್ಲಿ ಹದಿನಾಲ್ಕು ಮಂದಿ ಕೈಕಟ್ಟಿ ಕೂರುತ್ತಾರೆ, ಮುಂದಿನ ವಾರ ಅವರಲ್ಲಿ ಅರ್ಧ ಜನ ಬರುವುದಿಲ್ಲ. ಹತ್ತು ಮಂದಿಗೆ ಹತ್ತು ಮಷಿನ್ನು ಬೇಕಾಗಿಲ್ಲ. ನಾಲ್ಕೋ ಐದೋ ಇದ್ದರೆ ತಂಡವನ್ನು ಎರಡು ಮಾಡಿ. ಅರ್ಧ ಜನ ಮಷಿನ್ನಿನಲ್ಲಿ, ಉಳಿದವರು ಕೈಹೊಲಿಗೆಯಲ್ಲಿ. ಒಂದು ಗಂಟೆಯಾದ ಮೇಲೆ ಅದಲುಬದಲು. ಮಷಿನ್ನು ಕೊಳ್ಳಲು ಆತುರ ಬೇಡ. ಮೂಲೆಯಲ್ಲಿ ಕೂತವುಗಳನ್ನು ಎಬ್ಬಿಸಿದರೆ ಸಾಕು. ಎಣ್ಣೆ ಬಿಟ್ಟು ಧೂಳು ತೆಗೆದರೆ ಅಜ್ಜಿಯ ಕಾಲದ ಸಿಂಗರೂ ಓಡುತ್ತದೆ, ಅಮ್ಮನ ಕಾಲದ ಉಷಾವೂ ಓಡುತ್ತದೆ. ಕಾಲಲ್ಲಿ ತುಳಿಯುವ ಮಷಿನ್ನೇ ಹೊಸಬರಿಗೆ ವಾಸಿ. ಮೋಟರಿನದು ಕಾಲು ತಾಗಿದರೆ ಸಾಕು, ಓಡಿಬಿಡುತ್ತದೆ. ಬೆರಳು ಸೂಜಿಯ ಹತ್ತಿರವೇ ಇರುತ್ತದೆ. ಕರಾವಳಿಯ ಊರಾದರೆ ಇನ್ನೆರಡು ಮಾತು. ತೇವಕ್ಕೆ ಚರ್ಮದ ಬೆಲ್ಟು ಹಿಗ್ಗಿ ಚಕ್ರದ ಮೇಲೆ ಜಾರುತ್ತದೆ. ಆಗ ಅದನ್ನು ಸ್ವಲ್ಪ ಕತ್ತರಿಸಿ ಮತ್ತೆ ಕೊಕ್ಕೆ ಹಾಕಬೇಕು. ಸೂಜಿ ತುಕ್ಕು ಹಿಡಿಯುತ್ತದೆ, ಆದ್ದರಿಂದ ಸೂಜಿಯ ಪೊಟ್ಟಣವನ್ನು ಮುಚ್ಚಳದ ಡಬ್ಬಿಯಲ್ಲೇ ಇಡಿ. ಬೆವರುವ ಬೆರಳಿಗೆ ಪೌಡರು ಹತ್ತಿರವಿರಲಿ.

ಯಂತ್ರವೆಂದರೆ ಹುಬ್ಬು ಗಂಟಿಕ್ಕುತ್ತಿದ್ದ ಗಾಂಧೀಜಿ ಸಹ ಹೊಲಿಗೆ ಮಷಿನ್ನಿಗೆ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ದಣಿಯುವುದನ್ನು ನೋಡಲಾರದೆ ಸಿಂಗರ್ ಇದನ್ನು ಕಂಡುಹಿಡಿದ ಎಂಬುದು ಅವರ ನಂಬಿಕೆ. ಲೋಕಕ್ಕೆ ನಿಜವಾಗಿ ಪ್ರಯೋಜನವಾದ ಕೆಲವೇ ಉಪಕರಣಗಳಲ್ಲಿ ಇದೂ ಒಂದು ಎಂದು 1924ರಲ್ಲಿ ಒಂದು ಸಂಭಾಷಣೆಯಲ್ಲಿ ಹೇಳಿದ್ದರು. ಮನುಷ್ಯ ಯಂತ್ರಕ್ಕೆ ಆಳಾಗದೆ ಯಂತ್ರ ಮನುಷ್ಯನಿಗೆ ನೆರವಾಗಬೇಕೆಂಬುದು ಅವರ ಅಳತೆಗೋಲು. ಹವ್ಯಾಸದ ವರ್ಗಕ್ಕೂ ಅದೇ ಅಳತೆ ಸಲ್ಲುತ್ತದೆ.

ಜಾಗ ಎಲ್ಲಿ? ಅಪಾರ್ಟ್‌ಮೆಂಟಿನ ಸಭಾಕೋಣೆ, ಸಂಜೆಯ ಮೇಲೆ ಖಾಲಿಯಾಗುವ ಶಾಲೆ, ದೇವಸ್ಥಾನದ ಛತ್ರ, ಯಾವುದಾದರೂ ನಡೆದೀತು. ಬೇಕಾದದ್ದು ಮೂರು: ಹಗಲಿನ ಬೆಳಕು ಬರುವ ಕಿಟಕಿ, ಬಟ್ಟೆ ಹಾಸಿ ಕತ್ತರಿಸಲು ಚೊಕ್ಕ ನೆಲ ಅಥವಾ ಮೇಜು, ಇಸ್ತ್ರಿಗೆ ಒಂದು ಪ್ಲಗ್ಗು. ಇಸ್ತ್ರಿ ಮಾಡದೆ ಹೊಲಿದ ಬಟ್ಟೆ ಎಷ್ಟು ಒಳ್ಳೆಯ ಕೈಯದಾದರೂ ಸೊಟ್ಟಗೆ ಕಾಣುತ್ತದೆ. ಆಂಧ್ರದಲ್ಲಿ ಡ್ವಾಕ್ರಾ ಎಂಬ ಮಹಿಳಾ ಗುಂಪುಗಳು, ನಮ್ಮಲ್ಲಿ ಸ್ತ್ರೀಶಕ್ತಿ ಸಂಘಗಳು ಸೇರುವ ಕೋಣೆಗಳು ಪ್ರತಿ ಬಡಾವಣೆಯ ಹತ್ತಿರ ಇರುತ್ತವೆ. ವಾರದ ಎರಡು ಮಧ್ಯಾಹ್ನಕ್ಕೆ ಕೇಳಿದರೆ ಇಲ್ಲವೆನ್ನುವವರು ಕಡಿಮೆ.

ಸಮಯವನ್ನು ಗಡಿಯಾರ ನೋಡಿ ಗೊತ್ತು ಮಾಡುವುದಕ್ಕಿಂತ ಮನೆಯೊಲೆ ನೋಡಿ ಗೊತ್ತು ಮಾಡಬೇಕು. ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ, ಮಕ್ಕಳು ಶಾಲೆಯಿಂದ ಮರಳುವ ಮೊದಲು ಸಿಗುವ ಎರಡು ಗಂಟೆಯೇ ಹೆಚ್ಚಿನವರಿಗೆ ನಿಜವಾದ ಬಿಡುವು. ಕೆಲಸಕ್ಕೆ ಹೋಗುವವರಿಗೆ, ಗಂಡಸರಿಗೆ ಭಾನುವಾರದ ಬೆಳಗು. ಗಂಡಸರನ್ನೂ ಕರೆಯಬೇಕು. ನಮ್ಮ ಊರುಗಳಲ್ಲಿ ಅಂಗಡಿಯಲ್ಲಿ ಕೂತು ಹೊಲಿಯುವವನು ಗಂಡಸೇ. ಮನೆಯೊಳಗೆ ಮಾತ್ರ ಸೂಜಿ ಹೆಂಗಸಿನದೆಂದಾಯಿತು. ನಿವೃತ್ತರಾದವರು ಬಂದರೆ ಅವರ ಗೆರೆಯೇ ಮೊದಲು ನೇರವಾಗುವುದನ್ನು ನೋಡಿದ್ದೇನೆ. ಅವಸರವಿಲ್ಲದ ಕೈ ಅಲ್ಲವೇ!

ಕಾಲಮಾನವನ್ನೂ ನೋಡಿಕೊಳ್ಳಿ. ಆಂಧ್ರದಲ್ಲಿ ಸಂಕ್ರಾಂತಿಗೆ ಮನೆಗಳಲ್ಲಿ ಬೊಮ್ಮಲ ಕೊಲುವು ಕೂರಿಸುತ್ತಾರೆ. ಮೈಸೂರು ಸೀಮೆಯಲ್ಲಿ ನವರಾತ್ರಿಗೆ ನಾವು ಗೊಂಬೆ ಕೂರಿಸುವ ಹಾಗೆಯೇ ಅದು. ವಿಜಯವಾಡದ ಹತ್ತಿರದ ಕೊಂಡಪಲ್ಲಿಯ ಗೊಂಬೆಗಳಿಲ್ಲದ ಕೊಲುವು ಅಪರೂಪ. ಹಗುರ ಮರದಲ್ಲಿ ಕೈಕಾಲು, ತಲೆ, ಬುಟ್ಟಿ, ಗಾಡಿಗಳನ್ನು ಬಿಡಿಬಿಡಿಯಾಗಿ ಕೆತ್ತಿ, ಹುಣಸೆಬೀಜದ ಅಂಟಿಗೆ ಮರದ ಹುಡಿ ಕಲಸಿ ಕೂಡಿಸಿ, ಬಣ್ಣ ಬಳಿದ ಗೊಂಬೆಗಳು ಅವು. ದೀಪಾವಳಿ ಮುಗಿದ ಕೂಡಲೇ ವರ್ಗ ಶುರು ಮಾಡಿದರೆ ಸಂಕ್ರಾಂತಿಯೊಳಗೆ ಒಂದು ಸುತ್ತು ಮುಗಿಯುತ್ತದೆ. ಕೊಲುವಿನ ಮೆಟ್ಟಿಲಿಗೆ ಹಾಸುವ ಬಟ್ಟೆ, ಗೊಂಬೆಯ ಪುಟ್ಟ ಉಡುಪು, ತೋರಣ ಎಲ್ಲವೂ ಕಲಿಯುವವರ ಕೈಯಿಂದಲೇ ಬರಬಹುದು. ಆ ತಿಂಗಳುಗಳಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತ ಒಂದೆರಡು ದಿನ ಕೆಡಿಸದೆ ಬಿಡದು. ಅದಕ್ಕೆಂದೇ ಎರಡು ದಿನ ಹೆಚ್ಚಿಗೆ ಹಿಡಿದಿಡಿ.

ಇನ್ನು ಪಾಠ. ಎಂಟು ಸಲ ಕೂತರೆ ಒಂದು ಸುತ್ತು.

ಮೊದಲ ದಿನ ದಾರವೇ ಬೇಡ. ಗೆರೆ ಹಾಕಿದ ನೋಟ್‌ಪುಸ್ತಕದ ಹಾಳೆಯನ್ನು ಮಷಿನ್ನಿಗೆ ಕೊಟ್ಟು, ದಾರ ಪೋಣಿಸದ ಸೂಜಿಯಲ್ಲಿ ಗೆರೆಯ ಮೇಲೆ ಓಡಿಸಿ. ತೂತುಗಳೇ ತೋರಿಸುತ್ತವೆ, ಕೈ ಎಲ್ಲಿ ಸರಿದಿದೆ ಎಂದು. ನೇರ ಗೆರೆ ಬಂದ ಮೇಲೆ ಚೌಕ, ಆಮೇಲೆ ಸುರುಳಿ. ಈ ಅಭ್ಯಾಸದಲ್ಲಿ ಕಲಿಯುವುದು ಕಾಲು. ಚಕ್ರ ಹಿಂದಕ್ಕೆ ತಿರುಗದಂತೆ ಎರಡು ಪಾದಗಳನ್ನೂ ಸಮನಾಗಿ ತುಳಿಯುವುದು ಬಂದರೆ ಅರ್ಧ ಮಷಿನ್ನು ಬಂದಂತೆ. ಕೈಹೊಲಿಗೆಯವರಿಗೆ ಅದೇ ದಿನ ಓಟದ ಹೊಲಿಗೆ, ಗುಂಡಿ ಹಚ್ಚುವುದು. ಕನ್ನಡಕದವರಿಗೆ ಸೂಜಿಗೆ ದಾರ ಪೋಣಿಸುವ ಪುಟ್ಟ ತಂತಿ ಕೊಡಿ. ಐವತ್ತು ದಾಟಿದವರು ಸೋತು ಎದ್ದುಹೋಗುವುದು ಹೊಲಿಗೆಯಲ್ಲಲ್ಲ, ಸೂಜಿಯ ಕಣ್ಣಿನಲ್ಲಿ.

ಎರಡನೆಯ ದಿನ ದಾರ, ಕೋರಾ ಬಟ್ಟೆ. ಬಟ್ಟೆಯನ್ನು ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸಿರಬೇಕು. ಹತ್ತಿ ನೀರು ಕಂಡಾಗ ಕುಗ್ಗುತ್ತದೆ. ಜಾರ್ಜೆಟ್ಟು, ಸ್ಯಾಟಿನ್ನು, ರೇಷ್ಮೆ ಹೊಸಬರ ಕೈಯಲ್ಲಿ ನುಣುಚುತ್ತವೆ, ದೂರ ಇಡಿ. ಕತ್ತರಿಸುವಾಗ ಹಾಸು, ಹೊಕ್ಕು ಯಾವುದೆಂದು ತೋರಿಸಿ. ನೇರ ಗೆರೆ ಬೇಕಿದ್ದರೆ ಸ್ಕೇಲಿಗಿಂತ ನಂಬಿಕೆಯದು ಬಟ್ಟೆಯ ಎಳೆಯೇ. ಒಂದು ಎಳೆಯನ್ನು ಮೆಲ್ಲಗೆ ಎಳೆದು ತೆಗೆದರೆ ಬಟ್ಟೆಯಲ್ಲಿ ದಾರಿ ಬೀಳುತ್ತದೆ. ಆ ದಾರಿಯಲ್ಲೇ ಕತ್ತರಿ ಆಡಿಸಿ. ಎಳೆ ತಪ್ಪಿ ಕತ್ತರಿಸಿದ ಚೀಲ ಎರಡು ಸಲ ಒಗೆದಾದ ಮೇಲೆ ತಿರುಚಿಕೊಳ್ಳುತ್ತದೆ. ಹೊಲಿಗೆಯ ಕೆಳಗೆ ದಾರ ಗುಪ್ಪೆಯಾದರೆ ಗಾಬರಿ ಬೇಡ. ಹತ್ತರಲ್ಲಿ ಎಂಟು ಸಲ ಮೇಲಿನ ದಾರ ಸರಿಯಾಗಿ ಪೋಣಿಸಿರುವುದಿಲ್ಲ, ಇಲ್ಲವೇ ಬಟ್ಟೆ ಒತ್ತುವ ಪಾದವನ್ನು ಇಳಿಸದೆ ತುಳಿದಿರುತ್ತಾರೆ. ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಬಾರದು. ಈ ಒಂದು ಕಟ್ಟಳೆಯನ್ನು ಗೋಡೆಗೆ ಬರೆದು ಹಾಕಿ.

ಮೂರು, ನಾಲ್ಕನೆಯ ದಿನ ಚೀಲ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಲ್ಲಿ ನಿಷೇಧ ಬಂತು. ರೈತು ಬಜಾರಿಗೋ ಸಂತೆಗೋ ಹೋಗುವ ಎಲ್ಲರಿಗೂ ಬೇಕಾದ ವಸ್ತು ಬಟ್ಟೆಯ ಚೀಲ. ಮೂವತ್ತೈದು ಇಂಚು ಉದ್ದ, ಹದಿನೈದು ಇಂಚು ಅಗಲದ ಒಂದೇ ತುಂಡು. ನಡುವೆ ಮಡಚಿದರೆ ತಳಕ್ಕೆ ಹೊಲಿಗೆಯೇ ಬೇಡ, ಭಾರ ತಡೆಯುತ್ತದೆ. ಎರಡು ಪಕ್ಕವನ್ನು ಮೊದಲು ಹೊರಗಿನಿಂದ ಕಾಲು ಇಂಚಿಗೆ ಹೊಲಿದು, ಒಳಮಗ್ಗುಲು ತಿರುಗಿಸಿ ಮತ್ತೊಮ್ಮೆ ಹೊಲಿದರೆ ಎಳೆಗಳೆಲ್ಲ ಒಳಗೇ ಮುಚ್ಚಿಹೋಗುತ್ತವೆ. ಮೇಲಿನ ಬಾಯಿಗೆ ಒಂದೂವರೆ ಇಂಚು ಮಡಿಕೆ. ಹಿಡಿಕೆಗೆ ಇಪ್ಪತ್ತನಾಲ್ಕು ಇಂಚು ಉದ್ದ, ನಾಲ್ಕು ಇಂಚು ಅಗಲದ ಎರಡು ಪಟ್ಟಿ. ಅಂಚುಗಳನ್ನು ನಡುವಿಗೆ ತಂದು ಮತ್ತೆ ಮಡಚಿದರೆ ಒಂದಿಂಚಿನ ಗಟ್ಟಿ ಹಿಡಿಕೆ. ಅದನ್ನು ಬಾಯಿಗೆ ಹಚ್ಚುವಾಗ ಚೌಕ ಹೊಲಿದು ಒಳಗೆ ಅಡ್ಡಡ್ಡ ಎರಡು ಗೆರೆ. ಒಂದು ಮೀಟರ್ ಪಾಪ್ಲಿನ್ನಿನಲ್ಲಿ ಇಷ್ಟೂ ಆಗಿ ತುಂಡು ಉಳಿಯುತ್ತದೆ. ಅಂಗಡಿಯವನು ಅಳೆಯುವುದು ಮೀಟರಿನಲ್ಲಿ, ದರ್ಜಿ ಅಳೆಯುವುದು ಇಂಚಿನಲ್ಲಿ. ಟೇಪಿನ ಎರಡೂ ಮಗ್ಗುಲು ಓದುವುದು ಈ ಹೊತ್ತಿಗೇ ರೂಢಿಯಾಗಲಿ.

ಐದನೆಯ ದಿನ ಸೀರೆಗೆ ಫಾಲ್ ಹಚ್ಚುವುದು. ಹೆಮ್ಮಿಂಗ್ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಸುಮಾರು ಮೂರು ಮೀಟರ್ ಉದ್ದಕ್ಕೆ ಎರಡೂ ಬದಿ ಕೈಯಲ್ಲಿ ಹೊಲಿಯುವಷ್ಟರಲ್ಲಿ ಬೆರಳಿಗೆ ಲಯ ಬಂದುಬಿಡುತ್ತದೆ. ಫಾಲನ್ನು ಮೊದಲು ನೆನೆಸಿ ಒಣಗಿಸಬೇಕು, ಇಲ್ಲವಾದರೆ ಒಗೆದ ಮೇಲೆ ಅದು ಕುಗ್ಗಿ ಸೀರೆಯ ಅಂಚು ನೆರಿಗೆಗಟ್ಟುತ್ತದೆ. ಆರನೆಯ ದಿನ ದಿಂಬಿನ ಕವರು.

ಇಷ್ಟರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, “ಅಕ್ಕಾ, ಬ್ಲೌಸು ಯಾವಾಗ?” ಕೇಳುವುದು ಸಹಜ, ದರ್ಜಿಗೆ ಕೊಡುವ ಕೂಲಿಯೂ ಕಾಯುವ ಕಾಟವೂ ಹಾಗಿದೆ. ಆದರೆ ಬ್ಲೌಸಿನಲ್ಲಿ ಡಾರ್ಟು, ಕಂಕುಳ ಸುತ್ತು, ತೋಳು ಕೂಡಿಸುವುದು, ಲೈನಿಂಗು, ಹುಕ್ಕಿನ ಪಟ್ಟಿ ಎಲ್ಲ ಒಟ್ಟಿಗೇ ಬರುತ್ತವೆ. ಕಾಲಿಂಚು ತಪ್ಪಿದರೆ ತೊಡಲಾಗುವುದಿಲ್ಲ. ಮೊದಲ ಸುತ್ತಿನಲ್ಲಿ ಅದನ್ನು ತಂದರೆ ವರ್ಗವೇ ಮುರಿಯುತ್ತದೆ. ಎರಡನೆಯ ಸುತ್ತಿಗೆ ಎಂದು ಹೇಳಿ, ಹೇಳಿದಂತೆ ನಡೆಸಿ.

ಏಳನೆಯ ದಿನ ನಾನಾದರೆ ಕಸೂತಿ ಇಡುತ್ತೇನೆ. ಪರನಾಡಿನಲ್ಲಿರುವ ಕನ್ನಡದವರು ಪಕ್ಕದ ಮನೆಯವರಿಗೆ ಕೊಡಬಹುದಾದ ಸೊಗಸಾದ ವಸ್ತು ಅದು. ಧಾರವಾಡ ಸೀಮೆಯ ಕಸೂತಿಯಲ್ಲಿ ನಾಲ್ಕು ಬಗೆ: ಗವಂತಿ, ಮುರ್ಗಿ, ನೇಯ್ಗಿ, ಮೆಂಥಿ. ಹೊಸಬರಿಗೆ ಗವಂತಿ. ಸೂಜಿ ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆ ಇಡುತ್ತ ಹೋಗಿ, ಮರಳಿ ಬರುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬಿಕೊಂಡು ಬರುತ್ತದೆ. ಗಂಟು ಹಾಕುವಂತಿಲ್ಲ, ಮೇಲೂ ಕೆಳಗೂ ಒಂದೇ ಚಿತ್ತಾರ ಕಾಣಬೇಕು. ಇಳಕಲ್ಲಿನ ಸೀರೆಯ ಮೇಲೆ ಎಳೆ ಎಣಿಸಿ ಗೋಪುರ, ತೇರು, ತುಳಸಿ ಬೃಂದಾವನ ಎತ್ತುವುದು ಪಳಗಿದ ಕಣ್ಣಿನ ಕೆಲಸ. ಕಲಿಯುವವರಿಗೆ ಚೌಕ ಚೌಕವಾಗಿ ಕಾಣುವ ಮ್ಯಾಟಿ ಬಟ್ಟೆ ಕೊಟ್ಟರೆ ಎರಡು ಗಂಟೆಯಲ್ಲಿ ಪುಟ್ಟದೊಂದು ಗೋಪುರ ಏಳುತ್ತದೆ. ಚಿತ್ರಕ್ಕೆ ಚೌಕಳಿಯ ಗಣಿತದ ಹಾಳೆ ಸಾಕು.

ಎಂಟನೆಯ ದಿನ ಅಷ್ಟೂ ಜನ ಸೇರಿ ಒಂದು ಕೌದಿ. ಚೀಲದಿಂದ, ಕವರಿನಿಂದ ಉಳಿದ ಚೂರುಗಳೆಲ್ಲ ಅದರಲ್ಲಿ ಸಲ್ಲುತ್ತವೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಯ ಪದ್ಧತಿ ಈ ಕೆಲಸಕ್ಕೆ ಬಹಳ ಒಪ್ಪುತ್ತದೆ. ಅವರು ಅಂಚಿನಿಂದ ಹೊರಟು ತುಂಡಿನ ಮೇಲೆ ತುಂಡಿಟ್ಟು ಓಟದ ಹೊಲಿಗೆ ಹಾಕುತ್ತ, ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ಮಡಚಿದ ಬಟ್ಟೆಯ ಪುಟ್ಟ ಹೂವು ಕೂರಿಸುತ್ತಾರೆ. ಮಷಿನ್ನು ಬೇಡ, ಅಳತೆ ಬೇಡ. ನಾಲ್ಕು ಮಗ್ಗುಲಿನಿಂದ ನಾಲ್ವರು ಕೂತು ಹೊಲಿಯಬಹುದು. ಉಳಿದವರು ಚೂರು ಆರಿಸಿ ಕೊಡಬಹುದು, ಮಾತಾಡಬಹುದು.

ಇಷ್ಟು ಪಾಠ. ಇನ್ನು ದುಡ್ಡಿನ ಮಾತು. ಹವ್ಯಾಸದ ಗುಂಪುಗಳು ಹೆಚ್ಚಾಗಿ ಎಡವುವುದು ಇಲ್ಲೇ.

ಕಲಿಯುವವರಿಂದ ಶುಲ್ಕ ತೆಗೆದುಕೊಳ್ಳಿ, ಚಿಕ್ಕದೇ ಆದರೂ ಸರಿ. ಪುಕ್ಕಟೆ ವರ್ಗಕ್ಕೆ ಹೆಸರು ಕೊಡುವವರು ಬಹಳ, ಬರುವವರು ಕಡಿಮೆ. ಆ ಹಣದಲ್ಲಿ ಮೊದಲ ಪಾಲು ಕಲಿಸುವವರಿಗೆ. ಬಡಾವಣೆಯ ಟೈಲರಮ್ಮನನ್ನು ಕರೆದು, “ನೀವು ಹೇಗೂ ಮನೆಯಲ್ಲೇ ಇರ್ತೀರಲ್ಲ, ಸುಮ್ಮನೆ ಹೇಳಿಕೊಡಿ” ಎನ್ನುವ ರೂಢಿ ಇದೆ. ಆಕೆ ನಮ್ಮ ಜೊತೆ ಕೂತ ಎರಡು ಗಂಟೆಯಲ್ಲಿ ಅವಳ ಮಷಿನ್ನು ನಿಂತಿರುತ್ತದೆ. ನಮಗೆ ಬಿಡುವಾದದ್ದು ಅವಳಿಗೆ ದುಡಿಮೆಯ ಹೊತ್ತು.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ವಿಶಾಖಪಟ್ಟಣದಿಂದ ವಿಜಯವಾಡದ ಕಡೆ ಹೋಗುವಾಗ ಗೋದಾವರಿ ದಾಟಿದರೆ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರ ಸಿಗುತ್ತದೆ. 19ನೆಯ ಶತಮಾನದಲ್ಲಿ ಮಿಷನರಿಗಳು ಅಲ್ಲಿನ ಹೆಂಗಸರಿಗೆ ಕ್ರೋಶ ಕಡ್ಡಿಯಲ್ಲಿ ಲೇಸು ಹೆಣೆಯುವುದನ್ನು ಕಲಿಸಿದರು. ಕೆಲಸ ಹಬ್ಬಿತು, ವಿದೇಶಕ್ಕೆ ಹೋಯಿತು, 2024ರಲ್ಲಿ ಭೌಗೋಳಿಕ ಗುರುತೂ ಬಂತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿಗೆ ಬಂದು ಅಧ್ಯಯನ ಮಾಡಿ, ನರಸಾಪುರದ ಲೇಸು ಹೆಣೆಯುವವರ ಬಗ್ಗೆ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರು ಕಂಡದ್ದು ಇಷ್ಟು: ಹೆಂಗಸರು ದಿನಕ್ಕೆ ಆರರಿಂದ ಎಂಟು ಗಂಟೆ ಕಡ್ಡಿ ಹಿಡಿದಿರುತ್ತಿದ್ದರು, ಅವರು ಹೆಣೆದದ್ದು ಕಡಲಾಚೆ ಮಾರಾಟವಾಗುತ್ತಿತ್ತು, ವ್ಯಾಪಾರ ಗಂಡಸರ ಕೈಯಲ್ಲಿತ್ತು. ಹೆಣೆದವರಿಗೆ ಸಿಗುತ್ತಿದ್ದ ಕೂಲಿ ಮಾತ್ರ ತೀರ ಅಲ್ಪ. ಅವರು ಗೃಹಿಣಿಯರು, ಬಿಡುವಿನ ವೇಳೆಯಲ್ಲಿ ಕಾಲ ಕಳೆಯಲು ಮಾಡುತ್ತಾರೆ ಎಂಬುದೇ ಅದಕ್ಕೆ ಕೊಟ್ಟ ಸಬೂಬು. ಹೊಲದ ಕೂಲಿಗೆ ಹೋಗದೆ ಮನೆಯೊಳಗಿರುವುದು ಮರ್ಯಾದೆ ಎಂದು ನಂಬಿದ ಹೆಂಗಸರೂ ತಮ್ಮನ್ನು ಕೆಲಸಗಾರರೆಂದು ಎಣಿಸಿಕೊಂಡಿರಲಿಲ್ಲ. ಎಣಿಸಿಕೊಳ್ಳದವರು ಕೂಲಿ ಕೇಳುವುದೆಂತು?

ಕನ್ನಡದವರಿಗೆ ಇದರ ಎದುರು ಇಡಲು ಹಳೆಯದೊಂದು ಪಾಠವಿದೆ. 12ನೆಯ ಶತಮಾನದ ಶರಣರಲ್ಲಿ ನೂಲು ತೆಗೆಯುವ ಕದಿರ ರೆಮ್ಮವ್ವೆ ಇದ್ದಳು, ಸೂಜಿಕಾಯಕದ ರಾಮಿತಂದೆ ಇದ್ದ. ಅವರವರ ಕಾಯಕವೇ ಅವರ ಹೆಸರಾಯಿತು. ಕದಿರನ್ನಾಗಲಿ ಸೂಜಿಯನ್ನಾಗಲಿ ಅವರು ಹೊತ್ತು ಕಳೆಯುವ ಆಟವೆನ್ನಲಿಲ್ಲ.

ಹವ್ಯಾಸದ ಗುಂಪಿಗೆ ಈ ಮಾತು ಏಕೆ? ಎಂಟು ಸಲ ಕೂತು ಹೊಲಿದವರ ಚೀಲ ಚೆನ್ನಾಗಿ ಬಂತೆನ್ನಿ. ಸಂಕ್ರಾಂತಿಗೆ ನಾಲ್ಕು ಜನ ನೋಡುತ್ತಾರೆ. ಯಾರದೋ ಮದುವೆಗೆ ತಾಂಬೂಲ ಕೊಡಲು ಇನ್ನೂರು ಚೀಲ ಬೇಕೆಂದು ಕೇಳಿಕೊಂಡು ಬರುತ್ತಾರೆ. “ಬಟ್ಟೆ ನಮ್ಮದೇ, ನೀವು ಹೇಗೂ ಬಿಡುವಿನಲ್ಲಿ ಹೊಲಿಯೋರು, ಚೀಲಕ್ಕೆ ಇಷ್ಟು ಕೊಡ್ತೀವಿ.” ಗುಂಪಿನವರಿಗೆ ಹಿಗ್ಗೋ ಹಿಗ್ಗು. ಆ ಹೊತ್ತಿಗೆ ನಿಂತು ಲೆಕ್ಕ ಹಾಕಬೇಕು. ಒಂದು ಚೀಲಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಕತ್ತರಿಸುವುದು ಇಸ್ತ್ರಿ ಮಾಡುವುದು ಸೇರಿ? ದಾರ, ಸೂಜಿ, ಎಣ್ಣೆ ಯಾರದು? ಅಷ್ಟು ಹೊತ್ತಿನ ಕೆಲಸಕ್ಕೆ ಊರಿನ ಟೈಲರು ಎಷ್ಟು ಕೇಳುತ್ತಾರೆ? ಅವರಿಗಿಂತ ಕಡಿಮೆಗೆ ನಾವು ಒಪ್ಪಿದರೆ ಎರಡು ಅನ್ಯಾಯ ಒಟ್ಟಿಗೆ ನಡೆಯುತ್ತವೆ. ನಮ್ಮ ದುಡಿಮೆ ಅಗ್ಗವಾಗುತ್ತದೆ, ಹೊಲಿಗೆಯನ್ನೇ ನಂಬಿದ ಟೈಲರಮ್ಮನಿಗೆ ಗಿರಾಕಿ ಕೈತಪ್ಪುತ್ತದೆ.

ಹಾಗೆಂದು ಸಂಪಾದನೆ ತಪ್ಪಲ್ಲ. ಕಲಿತವರಲ್ಲಿ ಒಬ್ಬಿಬ್ಬರಿಗೆ ಇದನ್ನೇ ಹೊಟ್ಟೆಪಾಡು ಮಾಡಿಕೊಳ್ಳಬೇಕು ಅನ್ನಿಸಿದರೆ ಅವರನ್ನು ಸರಿಯಾದ ದಾರಿಗೆ ಹಚ್ಚಿ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ದರ್ಜಿಯದೂ ಒಂದು. ತರಬೇತಿ, ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು ಅದರಲ್ಲಿದೆ. ಸಂಡೂರಿನ ಲಂಬಾಣಿ ಹೆಂಗಸರ ಕಸೂತಿ ಒಂದು ಕೇಂದ್ರದ ಆಸರೆಯಲ್ಲಿ ಹೆಸರು, ಬೆಲೆ ಎರಡನ್ನೂ ಗಳಿಸಿಕೊಂಡದ್ದು ನಮ್ಮ ಬಳ್ಳಾರಿ ಜಿಲ್ಲೆಯದೇ ಉದಾಹರಣೆ. ಕಸುಬು ಮಾಡುವವರು ಕಸುಬಿನ ಬೆಲೆಗೇ ಮಾಡಲಿ. ಹವ್ಯಾಸದವರು ಹೊಲಿದದ್ದನ್ನು ತಾವು ಬಳಸಲಿ, ಇಷ್ಟವಿದ್ದವರಿಗೆ ಉಡುಗೊರೆ ಕೊಡಲಿ, ಅನಾಥಾಲಯಕ್ಕೆ ಒಂದು ಕೌದಿ ಕೊಡಲಿ. ಕೊಡುವುದು ಬೇರೆ, ಅಗ್ಗಕ್ಕೆ ಮಾರುವುದು ಬೇರೆ.

ಆದ್ದರಿಂದ ವರ್ಗ ಶುರುಮಾಡುವ ದಿನವೇ ಎರಡು ಪುಸ್ತಕ ತೆಗೆಯಿರಿ. ಒಂದರಲ್ಲಿ ಯಾರು ಬಂದರು, ಏನು ಹೊಲಿದರು, ಎಲ್ಲಿ ಕಷ್ಟವಾಯಿತು ಎಂದು ಬರೆದಿಡಿ; ಮುಂದಿನ ತಂಡಕ್ಕೆ ಅದೇ ಪಠ್ಯ. ಇನ್ನೊಂದು ದುಡ್ಡಿನದು. ಬಂದ ಶುಲ್ಕ, ಕಲಿಸಿದವರಿಗೆ ಕೊಟ್ಟದ್ದು, ಬಟ್ಟೆ, ದಾರ, ಬೆಲ್ಟು. ಹೊರಗಿನಿಂದ ಮೊದಲ ಆರ್ಡರು ಬಂದ ದಿನ ಅದೇ ಪುಸ್ತಕದಲ್ಲಿ ಹೊಸ ಪುಟ ತೆಗೆದು, ಹೊಲಿಯುವವರ ಹೆಸರು, ಹಿಡಿದ ಗಂಟೆ, ಗಂಟೆಗೆ ಇಷ್ಟು ಕೂಲಿ ಎಂದು ಬರೆದ ಮೇಲೆಯೇ ಬೆಲೆ ಹೇಳಿ. ಕೇಳಿದವರು ಹುಬ್ಬೇರಿಸಿದರೆ ಏರಿಸಲಿ. ಒಪ್ಪಿದರೆ ಹೊಲಿಯೋಣ, ಒಪ್ಪದಿದ್ದರೆ ನಮ್ಮ ಬಿಡುವು ನಮ್ಮಲ್ಲೇ ಇರುತ್ತದೆ.